ಹರಾಜಿನಲ್ಲಿ ಹೊಸ ಕಾರು ಅಗ್ಗವಾದರೆ ಹೆದರಿ

ಚಿಕ್ಕಜಾಲ: ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿ ಬಸ್ಸಿಗೆ ಕಾಯುವವರ ಬಾಯಲ್ಲಿ ಮೊದಲೆಲ್ಲ ಸೈಟಿನ ರೇಟಿನದೇ ಮಾತು. ಈಗ ಅದರ ಜತೆಗೆ ಇನ್ನೊಂದು ಸೇರಿಕೊಂಡಿದೆ. ಅದು ಹರಾಜಿನ ಕಾರು.

'ಎರಡು ವರ್ಷದ ಗಾಡಿ ಕಣ್ರಿ. ಮುಂದೆ ಸ್ವಲ್ಪ ತಗಲಿದೆ ಅಷ್ಟೆ. ಎರಡು ಲಕ್ಷಕ್ಕೆ ಬರುತ್ತೆ' ಎಂದು ಒಬ್ಬ ಮೊಬೈಲಿನಲ್ಲಿ ಫೋಟೋ ತೋರಿಸುತ್ತಾನೆ. ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಅಂಗಡಿಯವರು ಕನ್ನಡಕ ಸರಿ ಮಾಡಿಕೊಂಡು ಇಣುಕುತ್ತಾರೆ. ಕಾರು ಬೆಳ್ಳಗೆ ಹೊಳೆಯುತ್ತಿದೆ. ಬಂಪರ್ ಇಲ್ಲ, ಒಂದು ಕಣ್ಣು ಹೋಗಿದೆ. 'ಇಷ್ಟೇ ತಾನೆ? ನಮ್ಮ ಗ್ಯಾರೇಜಿನವನು ಒಂದು ವಾರದಲ್ಲಿ ಎಬ್ಬಿಸಿ ಕೊಡ್ತಾನೆ ಬಿಡಿ' ಎಂಬ ತೀರ್ಮಾನ ಟೀ ಮುಗಿಯುವುದರೊಳಗೆ ಆಗಿಬಿಡುತ್ತದೆ.

ಹೀಗೆ ಕೊಳ್ಳುವವರು ಯಾರು? ಯಶವಂತಪುರದಿಂದ ಸರಕು ತರುವ ದಿನಸಿ ಅಂಗಡಿಯವರು. ಮನೆಗೆ ಮೊದಲ ಕಾರು ಬರಲಿ ಎಂದು ಆಸೆಪಟ್ಟ ಸಂಬಳದಾರರು. ಏರ್‌ಪೋರ್ಟ್ ಬಾಡಿಗೆಗೆ ಬಿಡೋಣ ಎಂದುಕೊಂಡ ಹುಡುಗರು. ದುಡ್ಡು ಚೀಟಿ ಎತ್ತಿದ್ದು, ಇಲ್ಲವೇ ಹೆಂಡತಿಯ ಬಳೆ ಅಡ ಇಟ್ಟದ್ದು. ಹರಾಜಿನ ಗಾಡಿ ಕೊಳ್ಳಲೇಬೇಡಿ ಎಂದು ಉಪದೇಶ ಮಾಡಿ ಪ್ರಯೋಜನವಿಲ್ಲ, ಅದು ನ್ಯಾಯವೂ ಅಲ್ಲ. ಒಳ್ಳೆಯ ಗಾಡಿ ಸಿಕ್ಕವರೂ ಇದ್ದಾರೆ. ಆದರೆ ಜನ ಯಾವ ಗಾಡಿಗೆ ಮುಗಿಬೀಳುತ್ತಾರೋ ಅದೇ ಹೆಚ್ಚು ಅಪಾಯದ್ದು, ಯಾವುದನ್ನು ಮೂಗು ಮುರಿದು ಬಿಡುತ್ತಾರೋ ಅದರಲ್ಲೇ ಸ್ವಲ್ಪ ಲಾಭ ಉಂಟು. ಇದು ಹೇಗೆ ಎಂಬುದೇ ಇವತ್ತಿನ ವಿಚಾರ.

ನಮ್ಮ ಮಗ್ಗುಲಲ್ಲೇ ಆದದ್ದು

ಇಷ್ಟೊಂದು ಕೆಟ್ಟ ಕಾರು ಎಲ್ಲಿಂದ ಬರುತ್ತವೆ ಎಂದು ಕೇಳುವವರು ದೂರ ಹೋಗಬೇಕಾಗಿಲ್ಲ. ಯಲಹಂಕ ವಾಯುನೆಲೆ ಇರುವುದು ಇದೇ ಬಳ್ಳಾರಿ ರಸ್ತೆಯಲ್ಲಿ. 2019ರ ಫೆಬ್ರವರಿ 23, ಶನಿವಾರ. ಏರೋ ಇಂಡಿಯಾ ವಿಮಾನ ಪ್ರದರ್ಶನ ನೋಡಲು ಬಂದ ಜನ ಬಯಲಿನಲ್ಲಿ ಕಾರು ನಿಲ್ಲಿಸಿ ಒಳಗೆ ಹೋಗಿದ್ದರು. ಒಣಹುಲ್ಲಿಗೆ ಬೆಂಕಿ ಬಿತ್ತು. ಗಾಳಿ ಜೋರಾಗಿತ್ತು. ಸಾಲಾಗಿ ನಿಂತಿದ್ದ ಕಾರುಗಳಲ್ಲಿ ಸುಮಾರು 300 ಸುಟ್ಟು ಕರಕಲಾದವು. ಪುಣ್ಯಕ್ಕೆ ಆ ಬೆಂಕಿಯಲ್ಲಿ ಪ್ರಾಣ ಹೋಗಲಿಲ್ಲ. ವಿಮಾನ ನೋಡಿ ಹೊರಗೆ ಬಂದವರು ಕಂಡದ್ದು ಬೂದಿಯ ನಡುವೆ ನಿಂತ ಕಬ್ಬಿಣದ ಅಸ್ಥಿಪಂಜರ. ಪೂರ್ತಿ ವಿಮೆ ಇದ್ದವರಿಗೆ ಪರಿಹಾರ ಕೇಳುವ ದಾರಿ ಇತ್ತು. ಬರೀ ಥರ್ಡ್ ಪಾರ್ಟಿ ವಿಮೆಯಲ್ಲಿ ಸ್ವಂತ ಗಾಡಿ ಸುಟ್ಟದ್ದಕ್ಕೆ ಪರಿಹಾರವಿಲ್ಲ.

ಬೆಂಕಿಯ ಕತೆ ಅದಾದರೆ ನೀರಿನ ಕತೆಯೂ ಯಲಹಂಕದ್ದೇ. 2021ರ ನವೆಂಬರ್ ಮಳೆಗೆ ಯಲಹಂಕ ಕೆರೆ ಉಕ್ಕಿ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ನುಗ್ಗಿತು. ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರಗೆ ತಂದರು. 2024ರ ಅಕ್ಟೋಬರಿನಲ್ಲಿ ಅದೇ ಜಾಗ ಮತ್ತೆ ಮುಳುಗಿ ದೋಣಿ ಇಳಿಸಬೇಕಾಯಿತು. ನಡುವೆ 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ನೀರು ನಿಂತಾಗ ಕೋಟಿ ಬೆಲೆಯ ಕಾರುಗಳು ಬಂಗಲೆಯ ಮುಂದೆಯೇ ಮುಳುಗಿದ್ದನ್ನು ಊರೆಲ್ಲ ನೋಡಿತು.

ಜನರನ್ನೇನೋ ದೋಣಿಯಲ್ಲಿ ಸಾಗಿಸಬಹುದು. ಕಾರು ಅಲ್ಲೇ ನಿಲ್ಲುತ್ತದೆ. ನೀರಿಳಿದ ಮೇಲೆ ಅದನ್ನು ಎಳೆದುಕೊಂಡು ಹೋಗುತ್ತಾರೆ. ಸರಿಯಾಗುವುದು ಮಾಲೀಕನ ಮನೆಗೆ ವಾಪಸ್ಸು, ಆಗದ್ದು ಹರಾಜಿಗೆ. ಹರಾಜಿನಿಂದ ಮುಂದೆ ಎಲ್ಲಿಗೆ ಎಂಬುದು ಯಾರಿಗೂ ಕಾಣುವುದಿಲ್ಲ. ಬಣ್ಣ ಬಳಿದುಕೊಂಡು ಅದೇ ಬಳ್ಳಾರಿ ರಸ್ತೆಗೆ ಬಂದರೂ ನಾವು ಗುರುತು ಹಿಡಿಯಲಾರೆವು.

ಮುಕ್ಕಾಲು ಪಾಲಿನ ಲೆಕ್ಕ

ಈಗ ಸ್ವಲ್ಪ ಲೆಕ್ಕ. ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ, ಆದರೂ ಇದನ್ನು ಒಮ್ಮೆ ನೋಡಿ.

ವಿಮೆ ಮಾಡಿಸುವಾಗ ಕಾರಿಗೆ ಒಂದು ಬೆಲೆ ಕಟ್ಟುತ್ತಾರೆ. ಅದಕ್ಕೆ ಐ.ಡಿ.ವಿ. ಅಂತಾರೆ. ಕಂಪನಿ ಪಟ್ಟಿಯ ಬೆಲೆಯಿಂದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುವುದು ವಾಡಿಕೆ. ಆರು ತಿಂಗಳೊಳಗಿನ ಗಾಡಿಗೆ ಶೇ. 5, ವರ್ಷದೊಳಗೆ ಶೇ. 15, ಎರಡು ವರ್ಷದೊಳಗೆ ಶೇ. 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50. ಐದು ದಾಟಿದರೆ ಕಂಪನಿ ಮತ್ತು ಮಾಲೀಕ ಮಾತಾಡಿಕೊಂಡು ಬೆಲೆ ನಿಲ್ಲಿಸುತ್ತಾರೆ. ಅಪಘಾತವೋ ಪ್ರವಾಹವೋ ಆದಾಗ ಸರ್ವೇಯರ್ ಬಂದು ರಿಪೇರಿ ಅಂದಾಜು ಹಾಕುತ್ತಾನೆ. ಆ ಅಂದಾಜು ಐ.ಡಿ.ವಿ.ಯ ಶೇ. 75 ಮೀರಿದರೆ ಗಾಡಿ 'ಟೋಟಲ್ ಲಾಸ್'. ಕಂಪನಿ ಪರಿಹಾರ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಉಳಿದ ಅವಶೇಷ ಹರಾಜಿಗೆ ಬರುತ್ತದೆ.

ಈಗ ಎರಡು ಕಾರು ಇಟ್ಟುಕೊಳ್ಳಿ. ಮೊದಲನೆಯದು ಎರಡು ವರ್ಷ ತುಂಬದ, ಪಟ್ಟಿಯಲ್ಲಿ 10 ಲಕ್ಷ ಬೆಲೆಯ ಗಾಡಿ. ಐ.ಡಿ.ವಿ. 8 ಲಕ್ಷ. ಅದು ಟೋಟಲ್ ಲಾಸ್ ಆಗಬೇಕಾದರೆ ರಿಪೇರಿ ಅಂದಾಜು 6 ಲಕ್ಷ ಮೀರಿರಬೇಕು. ಎರಡನೆಯದು ಹತ್ತು ವರ್ಷದ ಗಾಡಿ. ಐ.ಡಿ.ವಿ. 2 ಲಕ್ಷ. ಅದಕ್ಕೆ ಒಂದೂವರೆ ಲಕ್ಷ ದಾಟಿದರೆ ಸಾಕು. ಬಾನೆಟ್, ಬಂಪರ್, ಎರಡು ಹೆಡ್‌ಲೈಟ್, ರೇಡಿಯೇಟರ್, ಎ.ಸಿ. ಕಂಡೆನ್ಸರ್, ಬಣ್ಣ, ಕೂಲಿ ಎಲ್ಲವನ್ನೂ ಕಂಪನಿ ವರ್ಕ್‌ಷಾಪಿನ ದರದಲ್ಲಿ ಕೂಡಿಸಿ. ಆ ಮೊತ್ತ ಮುಟ್ಟುವುದು ಕಷ್ಟವಲ್ಲ.

ಅಂದರೆ ಏನಾಯಿತು? ಹಳೇ ಗಾಡಿ ಮೂಗಿಗೆ ಪೆಟ್ಟು ಬಿದ್ದರೂ 'ಸತ್ತಿತು' ಎಂದು ಬರೆಸಿಕೊಳ್ಳುತ್ತದೆ. ಒಳಗೆ ಎಂಜಿನ್ನು, ಛಾಸಿ ಚೆನ್ನಾಗಿರಬಹುದು. ಶಿವಾಜಿನಗರದ ಗುಜರಿಯಲ್ಲೋ ಜೆ.ಸಿ. ರಸ್ತೆಯಲ್ಲೋ ಸಾಮಾನು ಹುಡುಕಿ ತಂದರೆ ನಮ್ಮ ಗ್ಯಾರೇಜಿನವನು ನಿಜವಾಗಿಯೂ ಅಗ್ಗದಲ್ಲಿ ಎಬ್ಬಿಸಬಲ್ಲ. ಹೊಸ ಗಾಡಿಗೆ ಹಾಗಲ್ಲ. ಅದು ಹರಾಜಿನ ಅಂಗಳಕ್ಕೆ ಬಂದಿದೆ ಎಂದರೆ ಬಹಳ ದೊಡ್ಡ ಪೆಟ್ಟೇ ತಿಂದಿದೆ ಎಂದರ್ಥ. ಫೋಟೋದಲ್ಲಿ ಕಾಣುತ್ತಿರುವುದು ಬರೀ ಬಂಪರ್ರು. ಮಿಕ್ಕ 5 ಲಕ್ಷದ ಗಾಯ ಎಲ್ಲಿದೆ?

ಹರಾಜಿನ ಗಾಡಿ ನೋಡುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಲೆಕ್ಕ ಗೊತ್ತಿರುವ ಕಂಪನಿ 6 ಲಕ್ಷದ ಗಾಯ ಎಂದು ಕೈಬಿಟ್ಟ ಗಾಡಿಯನ್ನು ನಮ್ಮವನು ಒಂದು ಲಕ್ಷಕ್ಕೆ ಸರಿ ಮಾಡುತ್ತೇನೆ ಅಂದರೆ ಸ್ವಲ್ಪ ಉಳಿತಾಯ ಕೂಲಿಯಲ್ಲಿ ಆದೀತು, ಸ್ವಲ್ಪ ಹಳೇ ಸಾಮಾನಿನಲ್ಲಿ ಆದೀತು. ಉಳಿದದ್ದು ಏನನ್ನೋ ಹಾಕದೆ ಬಿಟ್ಟು ಉಳಿಸಿದ್ದು. ಆ 'ಏನೋ' ಯಾವುದು ಎಂದು ತಿಳಿಯದೆ ದುಡ್ಡು ಕಟ್ಟಬಾರದು. ಹರಾಜು ನಡೆಸುವವರ ಹತ್ತಿರ ಸರ್ವೇಯರ್ ಅಂದಾಜು ಪಟ್ಟಿ ಕೇಳಿ. ಕೊಟ್ಟರೆ ಲಾಭ. ಕೊಡದಿದ್ದರೆ ಅದೂ ಒಂದು ಉತ್ತರ.

ಹೊಸ ಗಾಡಿಗಳಲ್ಲಿ ಒಂದು ಅಪವಾದ ಉಂಟು. ಕಳುವಾದ ಗಾಡಿಗೆ ಕಂಪನಿ ಪರಿಹಾರ ಕೊಟ್ಟುಬಿಟ್ಟ ಮೇಲೆ ಪೊಲೀಸರಿಗೆ ಗಾಡಿ ಸಿಗುವುದುಂಟು. ಅಂಥದ್ದು ಪೆಟ್ಟಿಲ್ಲದೆಯೇ ಹರಾಜಿಗೆ ಬರಬಹುದು. ಆದರೆ ಅದು ಅಪರೂಪ. ಪ್ರತಿಯೊಬ್ಬ ದಲ್ಲಾಳಿಯೂ ತನ್ನ ಗಾಡಿ ಅದೇ ಎಂದು ಹೇಳುತ್ತಾನೆ.

ಗಾಡಿ ಸತ್ತದ್ದು ಹೇಗೆ?

ವೈದ್ಯರು ಮೊದಲು ಕಾಯಿಲೆ ಕೇಳುವ ಹಾಗೆ ಮೊದಲು ಕೇಳಬೇಕಾದದ್ದು ಇದು. ಹೊಡೆತವೋ, ನೀರೋ, ಬೆಂಕಿಯೋ? ಈ ಮೂರರಲ್ಲಿ ಹೊಡೆತ ಕಣ್ಣಿಗೆ ಕಾಣುವುದರಿಂದ ಜನ ಅದಕ್ಕೆ ಹೆದರುತ್ತಾರೆ. ನೀರು ಕಾಣುವುದಿಲ್ಲವಾದ್ದರಿಂದ ಒಪ್ಪಿಕೊಂಡುಬಿಡುತ್ತಾರೆ. ಹೆದರಬೇಕಾದದ್ದು ನೀರಿಗೇ.

ಹೊಡೆತದ ಗಾಡಿ. ಬಾಗಿಲು, ಬಾನೆಟ್ಟು ಬದಲಾಯಿಸಿದರೆ ಚಿಂತೆಯಿಲ್ಲ. ಚಿಂತೆ ಇರುವುದು ಅಸ್ಥಿಗೆ. ಬಾನೆಟ್ ಎತ್ತಿ, ಎಂಜಿನ್ನಿನ ಎರಡೂ ಪಕ್ಕ ಮುಂದಕ್ಕೆ ಚಾಚಿರುವ ಪೆಟ್ಟಿಗೆಯಾಕಾರದ ಉಕ್ಕಿನ ತೊಲೆ ನೋಡಿ. ಗುದ್ದಿದಾಗ ಮಡಚಿ ಪೆಟ್ಟನ್ನು ನುಂಗುವುದು ಅದೇ. ಅದರಲ್ಲಿ ಸುಕ್ಕು, ಸುತ್ತಿಗೆ ಏಟು, ಹೊಸ ವೆಲ್ಡಿಂಗ್ ಕಂಡರೆ ಪೆಟ್ಟು ಒಳಗಿನವರೆಗೆ ಹೋಗಿದೆ. ಕಾರ್ಖಾನೆಯ ವೆಲ್ಡಿಂಗ್ ಸಮ ದೂರದಲ್ಲಿ ಇಟ್ಟ ಸಣ್ಣ ಬೊಟ್ಟುಗಳ ಹಾಗೆ ಇರುತ್ತದೆ, ಗ್ಯಾರೇಜಿನದು ಗಂಟು ಗಂಟಾಗಿ ಇರುತ್ತದೆ. ಫೆಂಡರ್, ಬಾನೆಟ್ ಹಿಂಜಿನ ಬೋಲ್ಟಿನ ತಲೆಯಲ್ಲಿ ಬಣ್ಣ ಎದ್ದಿದ್ದರೆ ಸ್ಪ್ಯಾನರ್ ಮುಟ್ಟಿದೆ. ಗಾಜುಗಳ ಮೂಲೆಯಲ್ಲಿ ತಯಾರಿಕೆಯ ಗುರುತು ಇರುತ್ತದೆ, ಒಂದು ಮಾತ್ರ ಬೇರೆಯಾಗಿದ್ದರೆ ಯಾಕೆ ಎಂದು ಕೇಳಿ. ಒಂದು ಅಯಸ್ಕಾಂತ ಜೇಬಿನಲ್ಲಿರಲಿ. ಉಕ್ಕಿನ ಮೇಲೆ ಅಂಟಬೇಕಾದ್ದು ಅಂಟದೆ ಜಾರಿದರೆ ಬಣ್ಣದ ಕೆಳಗೆ ಪುಟ್ಟಿ ತುಂಬಿದೆ. ಟೇಪು ಹಿಡಿದು ಎಡ, ಬಲ ಎರಡೂ ಕಡೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಳೆಯಿರಿ. ಸ್ಟೀರಿಂಗ್ ನೇರವಾಗಿರುವಾಗ ಎರಡರ ನಡುವೆ ಎದ್ದು ಕಾಣುವ ವ್ಯತ್ಯಾಸ ಬಂದರೆ ಗಾಡಿ ಸೊಟ್ಟ.

ನಮ್ಮ ಚಿಕ್ಕಜಾಲದ ಹಳೇ ಕೋಟೆಯನ್ನೇ ನೋಡಿ. ರಸ್ತೆಯಿಂದ ಕಂಡರೆ ಕಲ್ಲಿನ ಗೋಡೆ ಗಟ್ಟಿಯಾಗಿ ನಿಂತಿದೆ, ಒಳಗೆ ಹೊಕ್ಕರೆ ಪಾಳು. ಬಣ್ಣ ಹೊಡೆದ ಅಪಘಾತದ ಗಾಡಿಯೂ ಹಾಗೇ. ಮೇಲೆ ಥಳಕು, ಒಳಗೆ ಹುಳುಕು.

ನೀರಿನ ಗಾಡಿ. ಇದರಲ್ಲಿ ಮೊದಲ ಪ್ರಶ್ನೆ, ನೀರು ಎಲ್ಲಿಯವರೆಗೆ ಬಂದಿತ್ತು? ಚಕ್ರದ ಮಟ್ಟಕ್ಕಾದರೆ ಉಳಿದೀತು. ಸೀಟಿನ ಮಟ್ಟ ದಾಟಿದರೆ ವೈರಿಂಗ್, ಕಂಪ್ಯೂಟರ್ ಎಲ್ಲ ನೆನೆದಿವೆ. ಇವತ್ತಿನ ಕಾರು ಹಿಂದಿನ ಅಂಬಾಸಿಡರ್, ಫಿಯಟ್ ಅಲ್ಲ, ಒಣಗಿಸಿ ಪ್ಲಗ್ ಒರೆಸಿ ಸ್ಟಾರ್ಟ್ ಮಾಡೋದಕ್ಕೆ. ಜತೆಗೆ ನಮ್ಮ ಊರಿನ ಪ್ರವಾಹ ಶುದ್ಧ ಮಳೆನೀರಲ್ಲ, ಕೆರೆ ಕೋಡಿ ನೀರಿಗೆ ಚರಂಡಿ ಸೇರಿದ್ದು. ವೈರಿನ ಕೂಡುಗಳಲ್ಲಿ ಅದು ಬಿಟ್ಟುಹೋದ ಕೊಳೆ ತಿಂಗಳುಗಟ್ಟಲೆ ತಿನ್ನುತ್ತಾ ಇರುತ್ತದೆ. ಕೊಂಡ ದಿನ ಎಲ್ಲ ದೀಪ ಹತ್ತುತ್ತದೆ. ಆರು ತಿಂಗಳ ನಂತರ ಕಿಟಕಿ ಇಳಿಯುವುದಿಲ್ಲ, ಆಮೇಲೆ ಸ್ಟೀರಿಂಗ್ ಬಿಗಿಯುತ್ತದೆ, ಆಮೇಲೆ ನಡುರಸ್ತೆಯಲ್ಲಿ ಎಂಜಿನ್ ನಿಲ್ಲುತ್ತದೆ.

ಎಂಜಿನ್ನಿನೊಳಗೆ ನೀರು ಹೊಕ್ಕಿದ್ದಾಗ ಯಾರಾದರೂ ಕೀಲಿ ತಿರುಗಿಸಿದ್ದರೆ ಇನ್ನೂ ಕಷ್ಟ. ಪಿಸ್ಟನ್ ಮೇಲೇರಿ ಗಾಳಿಯನ್ನು ಒತ್ತಬೇಕು. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಒತ್ತಡಕ್ಕೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. 'ಎಂಜಿನ್ ಪ್ರೊಟೆಕ್ಟ್' ಎಂಬ ಹೆಚ್ಚುವರಿ ವಿಮೆ ಇಲ್ಲದವರಿಗೆ ಈ ಹಾನಿಗೆ ಪರಿಹಾರ ಸಿಗುವುದೇ ಕಷ್ಟ. ಅಂಥ ಗಾಡಿಗಳನ್ನು ಮಾಲೀಕರೇ ಸದ್ದಿಲ್ಲದೆ ಮಾರಿಬಿಡುತ್ತಾರೆ.

ಪತ್ತೆ ಮಾಡುವುದು ಹೇಗೆ? ತೊಳೆಯುವವನ ಕೈ ಹೋಗದ ಜಾಗಕ್ಕೆ ನಿಮ್ಮ ಕೈ ಹೋಗಬೇಕು. ಡಿಕ್ಕಿಯ ಸ್ಟೆಪ್ನಿ ಎತ್ತಿ ಕೆಳಗಿನ ಗುಂಡಿ ನೋಡಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಮುಳುಗಿದ ಗಾಡಿಯಲ್ಲಿ ಒಳಗಿನ ಪಟ್ಟಿಯ ಮೇಲೆ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಕಂಬಿ, ಡ್ಯಾಷ್‌ಬೋರ್ಡಿನ ಅಡಿಯ ಸ್ಕ್ರೂಗಳಲ್ಲಿ ತುಕ್ಕು ಉಂಟೇ? ಫ್ಯೂಸ್ ಪೆಟ್ಟಿಗೆಯಲ್ಲಿ ಹಸಿರು ಕಿಲುಬು ಕಂಡಿತೇ? ಎಂಜಿನ್ ಆಯಿಲ್ ಕಡ್ಡಿ ತೆಗೆದಾಗ ಹಾಲು ಬೆರೆಸಿದ ಕಾಫಿ ಬಣ್ಣ ಬಂದರೆ ಒಳಗೆ ನೀರಿದೆ. ಐದು ವರ್ಷದ ಗಾಡಿಯಲ್ಲಿ ಹೊಚ್ಚಹೊಸ ಕಾರ್ಪೆಟ್ಟು, ಮೂಗಿಗೆ ರಾಚುವ ಸೆಂಟಿನ ವಾಸನೆ ಇದ್ದರೆ ಇನ್ನಷ್ಟು ಹುಷಾರು. ಗಾಜು ಏರಿಸಿ ಅರ್ಧ ಗಂಟೆ ಬಿಸಿಲಿನಲ್ಲಿ ಬಿಟ್ಟು ಬಾಗಿಲು ತೆಗೆಯಿರಿ. ಸೆಂಟು ಹೋಗಿ ಕೆಸರು ಮಾತಾಡುತ್ತದೆ.

ಮುಳುಗಿದ ಎಲೆಕ್ಟ್ರಿಕ್ ಗಾಡಿಯ ವಿಷಯ ಇನ್ನೂ ಬೇರೆ. ಅದರ ಬೆಲೆಯ ದೊಡ್ಡ ಪಾಲು ಬ್ಯಾಟರಿಯದು. ನೀರು ಕುಡಿದ ಬ್ಯಾಟರಿಗೆ ದಿನ ಕಳೆದ ಮೇಲೂ ಬೆಂಕಿ ಹತ್ತುವ ಸಂಭವ ಉಂಟು. ಅದನ್ನು ಮನೆಯ ಕೆಳಗೆ ತಂದು ಚಾರ್ಜಿಗೆ ಹಾಕುವ ಸಾಹಸ ಬೇಡ.

ಬೆಂಕಿಯ ಗಾಡಿ. ಇದಕ್ಕೆ ಒಂದೇ ಮಾತು, ಬೇಡ. ಉಕ್ಕು ಕಾದು ತಣ್ಣಗಾದರೆ ಆಕಾರ ಉಳಿಯಬಹುದು, ಮೊದಲಿನ ಗಟ್ಟಿತನ ಉಳಿಯುವುದಿಲ್ಲ. ವೈರಿನ ಮೇಲಿನ ಪ್ಲಾಸ್ಟಿಕ್ಕು ಸ್ವಲ್ಪ ಕರಗಿದ್ದರೂ ಮುಂದೊಂದು ದಿನ ಶಾರ್ಟ್ ಆಗಿ ಮತ್ತೆ ಬೆಂಕಿಗೆ ದಾರಿ. ಬಿಡಿಭಾಗಕ್ಕೆ ಕೊಳ್ಳುವ ಗುಜರಿಯವರಿಗೆ ಅದನ್ನು ಬಿಟ್ಟುಬಿಡಿ.

ಕಾಣದ ಗಾಳಿಚೀಲ

ಆ 'ಹಾಕದೆ ಬಿಟ್ಟ ಏನೋ' ಎಂದೆನಲ್ಲ, ಬಹಳ ಸಲ ಅದು ಏರ್‌ಬ್ಯಾಗು. ನಮ್ಮಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಡ್ರೈವರ್ ಕಡೆಯ ಏರ್‌ಬ್ಯಾಗ್ ಕಡ್ಡಾಯ. ಪಕ್ಕದ ಸೀಟಿಗೂ 2021ರಲ್ಲಿ ಕಡ್ಡಾಯವಾಯಿತು. ಏರ್‌ಬ್ಯಾಗು ಒಂದೇ ಸಲದ ಸಾಮಾನು. ಒಮ್ಮೆ ಒಡೆದರೆ ಚೀಲ, ಸೆನ್ಸರ್, ಕಂಪ್ಯೂಟರ್, ಎಳೆದು ಬಿಗಿಯುವ ಸೀಟ್ ಬೆಲ್ಟು ಎಲ್ಲ ಹೊಸದು ಹಾಕಬೇಕು. ಖರ್ಚು ದೊಡ್ಡದು. ಅಗ್ಗದ ರಿಪೇರಿಯವನು ಏನು ಮಾಡುತ್ತಾನೆ? ಸ್ಟೀರಿಂಗ್ ಮೇಲೆ ಹೊಸ ಮುಚ್ಚಳ ಅಂಟಿಸುತ್ತಾನೆ. ಒಳಗೆ ಖಾಲಿ. ಡ್ಯಾಷ್‌ಬೋರ್ಡಿನ ಎಚ್ಚರಿಕೆ ದೀಪ ಉರಿಯದ ಹಾಗೆ ತಂತಿ ಕೀಳುತ್ತಾನೆ, ಇಲ್ಲವೇ ಬೇರೆ ದೀಪಕ್ಕೆ ಸೇರಿಸುತ್ತಾನೆ.

ಆದ್ದರಿಂದ ಕೀಲಿ ಒಂದು ಹಂತ ತಿರುಗಿಸಿ, ಸ್ಟಾರ್ಟ್ ಮಾಡದೆ ಮೀಟರ್ ನೋಡಿ. ಏರ್‌ಬ್ಯಾಗ್ ದೀಪ ಹತ್ತಬೇಕು, ಕೆಲವು ಸೆಕೆಂಡಿನಲ್ಲಿ ತಾನೇ ಆರಬೇಕು. ಆರದಿದ್ದರೆ ದೋಷ. ಹತ್ತಲೇ ಇಲ್ಲವಾದರೆ ಮೋಸ ಇರಬಹುದು. ನೂರಾರು ರೂಪಾಯಿ ತೆಗೆದುಕೊಂಡು ಕಂಪ್ಯೂಟರ್ ಸ್ಕ್ಯಾನರ್ ಚುಚ್ಚಿ ನೋಡುವ ಮೆಕ್ಯಾನಿಕ್ ಈಗ ಎಲ್ಲ ಕಡೆ ಸಿಗುತ್ತಾನೆ, ಕರೆದುಕೊಂಡು ಹೋಗಿ. ನೀರಿನ ಗಾಡಿಗೂ ಇದೇ ಪರೀಕ್ಷೆ ಬೇಕು. ಏರ್‌ಬ್ಯಾಗಿನ ಕಂಪ್ಯೂಟರ್ ಅನೇಕ ಕಾರುಗಳಲ್ಲಿ ಎರಡು ಸೀಟಿನ ನಡುವೆ ನೆಲದ ಮೇಲೇ ಕೂತಿರುತ್ತದೆ. ಒಳಗೆ ನೀರು ಬಂದರೆ ಮೊದಲು ಮುಳುಗುವ ಸಾಮಾನುಗಳಲ್ಲಿ ಅದೂ ಒಂದು.

ಇದು ದುಡ್ಡಿನ ಮಾತಾಗಿ ಮಾತ್ರ ಉಳಿಯುವುದಿಲ್ಲ. ಈ ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟಿಗೆ ಹೋಗುವ ಗಾಡಿಗಳ ವೇಗ ಎಷ್ಟು ಎಂದು ರಸ್ತೆ ದಾಟಲು ನಿಂತವರಿಗೆ ಗೊತ್ತು. ಆ ವೇಗದಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವನು ತನ್ನ ಮುಂದೆ ಚೀಲ ಇದೆ ಎಂದು ನಂಬಿ ಹೋಗುತ್ತಾನೆ. ಇಲ್ಲ ಎಂಬುದು ಅವನಿಗೆ ತಿಳಿಯುವ ಕ್ಷಣ ಯಾವುದು ಎಂದು ನಾವೇ ಯೋಚಿಸಬೇಕು.

ಜಪ್ತಿ ಗಾಡಿ, ಠಾಣೆ ಗಾಡಿ

ಹರಾಜೆಂದರೆ ವಿಮಾ ಕಂಪನಿಯದೊಂದೇ ಅಲ್ಲ. ಸಾಲದ ಕಂತು ಕಟ್ಟದ ಗಾಡಿಯನ್ನು ಬ್ಯಾಂಕು, ಫೈನಾನ್ಸಿನವರು ಜಪ್ತಿ ಮಾಡಿ ಮಾರುತ್ತಾರೆ. ಇವಕ್ಕೆ ಪೆಟ್ಟು ಬಿದ್ದಿರಬೇಕೆಂದೇನೂ ಇಲ್ಲ. ಆದರೆ ಕಂತಿಗೇ ದುಡ್ಡಿಲ್ಲದವನು ಆಯಿಲ್ ಬದಲಾಯಿಸಿರುತ್ತಾನೆಯೇ? ಸರ್ವಿಸ್ ಪುಸ್ತಕ ಕೇಳಿ. ತಿಂಗಳುಗಟ್ಟಲೆ ಯಾರ್ಡಿನಲ್ಲಿ ನಿಂತಿದ್ದರಿಂದ ಬ್ಯಾಟರಿ, ಟೈರು ಹೋಗಿರುತ್ತದೆ, ಇಲಿ ವೈರು ಕಡಿದಿರುತ್ತದೆ. ಆ ಖರ್ಚು ಸೇರಿಸಿಕೊಳ್ಳಿ.

ಇನ್ನು ಪೊಲೀಸ್ ಠಾಣೆಗಳ ಮುಂದೆ ಗಿಡ ಬೆಳೆದು ನಿಂತ ಗಾಡಿಗಳು. ವಶಪಡಿಸಿಕೊಂಡ ವಾಹನಗಳನ್ನು ಹೀಗೆ ವರ್ಷಗಟ್ಟಲೆ ಕೊಳೆಸಬಾರದು ಎಂದು ಸುಪ್ರೀಂ ಕೋರ್ಟು 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಆದರೂ ಅವು ಹರಾಜಿಗೆ ಬರುವ ಹೊತ್ತಿಗೆ ಮಳೆ ಬಿಸಿಲು ತಿಂದು ಬರೀ ಕಬ್ಬಿಣ. ಸರ್ಕಾರಿ ಇಲಾಖೆಗಳ ಗಾಡಿಯ ಕತೆಯೂ ತಿಳಿದಿರಲಿ. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣವಾಗುವುದಿಲ್ಲ, ಅವು ಗುಜರಿಗೇ ಹೋಗಬೇಕು. ಹರಾಜಿನ ಷರತ್ತಿನಲ್ಲಿ ಗುಜರಿಗೆ ಮಾತ್ರ ಎಂದಿದ್ದರೆ ಆ ಗಾಡಿ ಮತ್ತೆ ರಸ್ತೆಗೆ ಇಳಿಯುವಂತಿಲ್ಲ. ಅದನ್ನು ಓದದೆ ಕೂಗಿದವನು ಗಾಡಿಯ ಬೆಲೆ ಕೊಟ್ಟು ಕಬ್ಬಿಣ ತಂದ ಹಾಗೆ.

ಕಬ್ಬಿಣಕ್ಕಿಂತ ಕಾಗದ ಮುಖ್ಯ

ಗಾಡಿ ಎಷ್ಟೇ ಚೆನ್ನಾಗಿರಲಿ, ಆರ್.ಸಿ. ನಿಮ್ಮ ಹೆಸರಿಗೆ ಆಗದಿದ್ದರೆ ಅದು ನಿಮ್ಮದಲ್ಲ. ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನ ಪ್ರಕಾರ, ಪೂರ್ತಿ ನಾಶವಾದ ಅಥವಾ ಮತ್ತೆ ಬಳಸಲು ಬಾರದ ಗಾಡಿಯ ವಿಷಯವನ್ನು ಮಾಲೀಕ 14 ದಿನದೊಳಗೆ ಅಥವಾ ಆದಷ್ಟು ಬೇಗ ಆರ್.ಟಿ.ಓ.ಗೆ ತಿಳಿಸಿ ಆರ್.ಸಿ. ಒಪ್ಪಿಸಬೇಕು. ಹಾಗೆ ಆರ್.ಸಿ. ರದ್ದಾದ ಗಾಡಿ ಬಿಡಿಭಾಗಕ್ಕೆ ಮಾತ್ರ. ಹರಾಜು ಕೂಗುವ ಮುಂಚೆಯೇ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ಆರ್.ಸಿ. ಜೀವಂತ ಇದೆಯೇ, ಸಾಲ ಬಾಕಿ ಇದೆಯೇ ನೋಡಿ. ಟ್ರಾಫಿಕ್ ದಂಡ ಎಷ್ಟು ಬಾಕಿ ಎಂಬುದನ್ನೂ ನೋಡಿ.

ಸಾಮಾನ್ಯ ಮಾರಾಟಕ್ಕೆ ಫಾರಂ 29, 30. ಸರ್ಕಾರದ ಹರಾಜಿನಲ್ಲಿ ಕೊಂಡದ್ದಕ್ಕೆ ಫಾರಂ 32. ಸಾಲ ತೀರಿದ್ದಕ್ಕೆ ಬ್ಯಾಂಕಿನ ಫಾರಂ 35. ಬ್ಯಾಂಕು ಜಪ್ತಿ ಮಾಡಿ ಮೊದಲು ತನ್ನ ಹೆಸರಿಗೆ ಆರ್.ಸಿ. ಮಾಡಿಸಿಕೊಳ್ಳುವುದಕ್ಕೆ ಫಾರಂ 36. ಹೊರರಾಜ್ಯದ ಗಾಡಿಗೆ ಅಲ್ಲಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು. ದಿಲ್ಲಿಯ ಗಾಡಿ ಅಗ್ಗ ಅಂತಾರಲ್ಲ, ಆ ತೆರಿಗೆ ಕೂಡಿಸಿ ಆಮೇಲೆ ಹೇಳಿ. ಸಹಿ ಹಾಕಿದ ಖಾಲಿ ಫಾರಂ ಕೈಗಿಟ್ಟು 'ಆಮೇಲೆ ಮಾಡಿಸ್ಕೊಳ್ಳಿ ಸಾರ್' ಎನ್ನುವ ದಲ್ಲಾಳಿಯನ್ನು ನಂಬಬೇಡಿ. ಹೆಸರು ಬದಲಾಗದ ಗಾಡಿ ಅಪಘಾತ ಮಾಡಿದರೆ ದಾಖಲೆಯಲ್ಲಿ ಹೆಸರಿರುವವನೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹಳೆಯ ಮಾಲೀಕರೂ ಇದನ್ನು ನೆನಪಿಟ್ಟರೆ ಒಳ್ಳೆಯದು.

ಇನ್ನೊಂದು ಮೋಸ ಇದಕ್ಕಿಂತ ದೊಡ್ಡದು. ನುಜ್ಜುಗುಜ್ಜಾದ ಗಾಡಿಯನ್ನು ಒಳ್ಳೆಯ ಬೆಲೆಗೆ ಕೊಳ್ಳುವ ಕೆಲವರಿಗೆ ಬೇಕಾದದ್ದು ಅದರ ಕಬ್ಬಿಣವಲ್ಲ, ಆರ್.ಸಿ. ಮತ್ತು ನಂಬರು. ಅದೇ ಮಾಡೆಲ್, ಅದೇ ಬಣ್ಣದ ಕಾರನ್ನು ಬೇರೆಡೆ ಕದ್ದು, ಛಾಸಿ ನಂಬರ್ ಉಜ್ಜಿ, ಸತ್ತ ಗಾಡಿಯ ನಂಬರ್ ಕೂರಿಸಿ ಮಾರುತ್ತಾರೆ. ಕೊಂಡವನ ಮನೆಗೆ ಪೊಲೀಸರು ಬರುತ್ತಾರೆ. ಆದ್ದರಿಂದ ಛಾಸಿ ನಂಬರಿನ ಮೇಲೆ ಬೆರಳಾಡಿಸಿ. ಅಕ್ಷರ ಏರುಪೇರು, ಸುತ್ತ ವೆಲ್ಡಿಂಗ್, ಆ ತುಂಡಿಗೆ ಮಾತ್ರ ಹೊಸ ಬಣ್ಣ ಕಂಡರೆ ಅಲ್ಲಿಂದ ಎದ್ದು ಬನ್ನಿ. ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್.ಸಿ.ಗೆ ತಾಳೆ ನೋಡುವುದು ಆರ್.ಟಿ.ಓ.ದವರ ಹಳೇ ಕ್ರಮ. ನೀವೂ ಮಾಡಿ.

ಮೋಸವಾದ ಮೇಲೆ ದೂರು ಕೊಡೋಣ ಎಂದರೆ? ಹರಾಜಿನ ಷರತ್ತಿನ ಮೊದಲ ಸಾಲೇ 'ಎಲ್ಲಿದೆಯೋ ಅಲ್ಲೇ, ಹೇಗಿದೆಯೋ ಹಾಗೇ'. ಕೊಳ್ಳುವವನೇ ನೋಡಿಕೊಳ್ಳಬೇಕು ಎಂಬುದು 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮಿನ ಮೂಲ ತತ್ವ. ಅದಕ್ಕೆ ವಿನಾಯಿತಿಗಳಿವೆ, ಆದರೆ ಅವನ್ನು ಹಿಡಿದು ಕೋರ್ಟಿಗೆ ಅಲೆಯುವ ಹೊತ್ತಿಗೆ ಅಂಗಡಿ ಬಾಗಿಲು ಹಾಕಬೇಕಾದೀತು.

ಆರ್.ಸಿ.ಯ ಮೇಲೆ ಒಂದು ಗುರುತು

ಹರಾಜಿನಲ್ಲಿ ಕೊಳ್ಳುವವನಿಗೆ ಗಾಡಿ ಕೆಟ್ಟದ್ದು ಎಂದಾದರೂ ಗೊತ್ತು. ಅವನಿಂದ ಕೊಳ್ಳುವ ಎರಡನೆಯವನಿಗೆ ಅದೂ ಗೊತ್ತಿಲ್ಲ. ಬ್ರಿಟನ್ನಿನಲ್ಲಿ 2017ರಿಂದ ಇಂಥ ಗಾಡಿಗಳಿಗೆ ನಾಲ್ಕು ದರ್ಜೆ ಇದೆ. ಎ ದರ್ಜೆಯದು ಪೂರ್ತಿ ಜಜ್ಜಿ ಹಾಕಲು, ಬಿ ದರ್ಜೆಯದರ ಬಿಡಿಭಾಗ ಬಳಸಬಹುದು, ಎಸ್ ಎಂದರೆ ಅಸ್ಥಿಗೆ ಪೆಟ್ಟು, ಎನ್ ಎಂದರೆ ಅಸ್ಥಿಗೆ ಪೆಟ್ಟಿಲ್ಲ. ಅಮೆರಿಕದಲ್ಲಿ ಮಾಲೀಕತ್ವದ ಪತ್ರದ ಮೇಲೇ 'ಸಾಲ್ವೇಜ್' ಎಂದು ಬರೆಯುತ್ತಾರೆ. ಅಲ್ಲೂ ಕಳ್ಳದಾರಿ ಉಂಟು. 2005ರ ಕತ್ರಿನಾ ಚಂಡಮಾರುತದಲ್ಲಿ ಮುಳುಗಿದ ಕಾರುಗಳು ಬೇರೆ ರಾಜ್ಯಕ್ಕೆ ಹೋಗಿ ಗುರುತು ಅಳಿಸಿಕೊಂಡು ಬಂದದ್ದುಂಟು. ಆದರೆ ಅಳಿಸಬೇಕಾದರೂ ಮೊದಲು ಒಂದು ಗುರುತು ಇರಬೇಕಲ್ಲ?

ನಮ್ಮ ಆರ್.ಸಿ. ಕಾರ್ಡಿನಲ್ಲಿ ಗಾಡಿಯ ಬಣ್ಣ ಇದೆ, ಸೀಟಿನ ಲೆಕ್ಕ ಇದೆ. ಒಮ್ಮೆ ಮುಳುಗಿತ್ತು, ಒಮ್ಮೆ ಟೋಟಲ್ ಲಾಸ್ ಆಗಿತ್ತು ಎಂಬ ಸಾಲು ಇಲ್ಲ. ವಿಮಾ ಕಂಪನಿಗೆ ಆ ವಿಷಯ ಗೊತ್ತು, ಆರ್.ಟಿ.ಓ. ದಾಖಲೆ ಕಂಪ್ಯೂಟರಿನಲ್ಲಿದೆ. ಎರಡನ್ನೂ ಸೇರಿಸಿ ಒಂದು ಸಾಲು ಬರೆಯುವುದು ಅಸಾಧ್ಯದ ಕೆಲಸವೇನಲ್ಲ. ಹಾಗೆ ಮಾಡಿದರೆ ಹಳೇ ಗಾಡಿಗಳ ಬೆಲೆ ಸುಮ್ಮನೆ ಬಿದ್ದುಹೋಗುತ್ತದೆ ಎಂದು ವ್ಯಾಪಾರದವರು ವಾದಿಸಬಹುದು. ಆ ವಾದದಲ್ಲೂ ಹುರುಳಿದೆ, ಮೇಲೆ ಹೇಳಿದ ಹತ್ತು ವರ್ಷದ ಗಾಡಿ ನಿಜಕ್ಕೂ ಒಳ್ಳೆಯದಿರಬಹುದು. ಅದಕ್ಕಾಗಿಯೇ ದರ್ಜೆ ಬೇಕು. ಮೂಗು ಒಡೆದದ್ದು ಬೇರೆ, ಬೆನ್ನು ಮುರಿದದ್ದು ಬೇರೆ ಎಂದು ಕಾಗದವೇ ಹೇಳಬೇಕು. ಸಾರಿಗೆ ಇಲಾಖೆ, ವಿಮಾ ಪ್ರಾಧಿಕಾರ ಕೂತು ಇದನ್ನು ತೀರ್ಮಾನಿಸುವವರೆಗೆ ಕೊಳ್ಳುವವನ ಕಣ್ಣೇ ದರ್ಜೆ ಹಾಕಬೇಕು.

ಕಡೆಯದಾಗಿ ಕೂಗುವ ಮುಂಚೆ ಒಂದು ಚೀಟಿ ಬರೆಯಿರಿ. ಸರಿಯಾದ ಸ್ಥಿತಿಯಲ್ಲಿ ಅಂಥ ಗಾಡಿ ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಸಿಗುತ್ತದೆ? ಅದರಿಂದ ರಿಪೇರಿ, ಏರ್‌ಬ್ಯಾಗು, ಎಳೆಸುವ ಕೂಲಿ, ಹರಾಜಿನವರ ಕಮಿಷನ್ನು, ಜಿ.ಎಸ್.ಟಿ., ಬಾಕಿ ದಂಡ, ಹೆಸರು ಬದಲಾವಣೆ, ಹೊಸ ವಿಮೆ ಎಲ್ಲ ಕಳೆಯಿರಿ. ಕಾಣದ ಗಾಯಕ್ಕೆಂದು ಇನ್ನೊಂದು ಪಾಲು ಕಳೆಯಿರಿ. ಉಳಿದದ್ದೇ ನಿಮ್ಮ ಕೊನೆಯ ಕೂಗು. ಅದಕ್ಕಿಂತ ಒಂದು ರೂಪಾಯಿ ಮೇಲೆ ಹೋದರೂ ಬಿಟ್ಟು ಬನ್ನಿ. ಮುಂದಿನ ವಾರ ಇನ್ನೊಂದು ಹರಾಜು ಇದ್ದೇ ಇರುತ್ತದೆ.

ಹೀಗೆಲ್ಲ ನೋಡಿ ಕೊಂಡ ಗಾಡಿಯನ್ನು ನಾಳೆ ನೀವು ಮಾರುವ ದಿನವೂ ಬರುತ್ತದೆ. ಅವತ್ತು ಕೊಳ್ಳಲು ಬಂದವನು 'ಏನಾದರೂ ಆಗಿತ್ತಾ ಸಾರ್?' ಎಂದು ಕೇಳುತ್ತಾನೆ. ನೀವು ಬಯಸಿದ್ದ ಉತ್ತರವನ್ನೇ ಅವನಿಗೂ ಕೊಡಿ.